ಜೀಪಿಗೆ ಗ್ಯಾಸು ಹಾಕಿಸಿದ ಕಥೆ

ನಮ್ಮ ಮನೆಯ ಜೀಪಿಗೆ ನನಗಿಂತ ಸ್ವಲ್ಪವೇ ಕಡಿಮೆ ಪ್ರಾಯ. ಪೆಟ್ರೋಲ್ ಇಂಜಿನಿನ ಹಳೆಯ ಮಹೀಂದ್ರ. ಅಡಿಕೆಗೆ ಒಳ್ಳೆಯ ರೇಟು ಬಂದ ಒಂದು ವರ್ಷ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು. ಪೆರ್ಲ ಪೇಟೆಯಿಂದ ನಮ್ಮ ಗುಡ್ಡೆಗೆ ಹತ್ತುವ ಮಣ್ಣಿನ ದಾರಿಯಲ್ಲಿ ಬೇರೆ ಯಾವ ಗಾಡಿಯೂ ಬಾರದಿದ್ದ ಕಾಲದಲ್ಲಿ ಗೊಬ್ಬರ, ಅಡಿಕೆ ಗೋಣಿ, ಮದುವೆಯ ಪಾತ್ರೆ, ಹೆರಿಗೆಗೆ ಹೋಗುವ ಹೆಂಗಸರು, ಎಲ್ಲರೂ ಎಲ್ಲವೂ ಅದರಲ್ಲೇ. ರಾತ್ರಿ ಯಾರಾದರೂ ಅಂಗಳದಲ್ಲಿ ನಿಂತು ಕರೆದರೆ ಅಪ್ಪ ಮೊದಲು ಹುಡುಕುತ್ತಿದ್ದದ್ದು ಅಂಗಿಯನ್ನಲ್ಲ, ಜೀಪಿನ ಕೀಯನ್ನು.

ಅಪ್ಪ ಹೋದ ಮೇಲೆ ಜೀಪು ನನ್ನ ಪಾಲಿಗೆ ಬಂತು. ಅದರ ಹೊಟ್ಟೆಯೂ ಬಂತು. ನೂರು ಕಿಲೋಮೀಟರಿಗೆ ಹನ್ನೊಂದು ಲೀಟರ್ ಪೆಟ್ರೋಲು. ಅನೇಕರು ಡೀಸೆಲ್ ಇಂಜಿನ್ ಕೂರಿಸಿಕೊಂಡರು. ನನಗೆ ಅಪ್ಪನ ಇಂಜಿನನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಮಂಗಳೂರಿನಲ್ಲಿ ಆಟೋಗಳು ಗ್ಯಾಸಿನಲ್ಲಿ ಓಡುವುದನ್ನು ನೋಡಿ, ನಮ್ಮದಕ್ಕೂ ಅದೇ ಮಾಡಿಸಿದರೆ ಹೇಗೆ ಎಂದು ಯೋಚನೆ ಹತ್ತಿತು.

ಮೇಸ್ತ್ರಿಯವರಲ್ಲಿ ಕೇಳಿದೆ. ಅಪ್ಪನ ಕಾಲದಿಂದ ಈ ಜೀಪನ್ನು ಬಲ್ಲವರು. ಅದಕ್ಕಿಂತ ಮೊದಲೇ ಒಬ್ಬ ಪರಿಚಯದವನು ನನಗೆ ಸುಲಭದ ದಾರಿ ಹೇಳಿಕೊಟ್ಟಿದ್ದ: ಅಡಿಗೆಮನೆಯ ಸಿಲಿಂಡರನ್ನೇ ಹಿಂದೆ ಮಲಗಿಸಿ ಪೈಪು ಕೊಟ್ಟರಾಯಿತು, ಅಗ್ಗ. ಅದನ್ನು ಬಾಯಿಬಿಟ್ಟದ್ದೇ ಮೇಸ್ತ್ರಿಯವರು ಸ್ಪಾನರ್ ಕೆಳಗಿಟ್ಟರು. "ಹಾಗಾದರೆ ನೀವು ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಿ" ಎಂದರು. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು. ಎರಡನೆಯದು, ಗಾಡಿಯ ಟ್ಯಾಂಕಿಗೆ ಐದರಲ್ಲಿ ನಾಲ್ಕು ಪಾಲು ತುಂಬಿದಾಗ ತಾನಾಗಿ ನಿಲ್ಲುವ ವಾಲ್ವು ಉಂಟು; ಬಿಸಿಲಿಗೆ ಗ್ಯಾಸಿನ ದ್ರವ ಹಿಗ್ಗಲು ಜಾಗ ಬೇಕಲ್ಲ. ಅಡಿಗೆ ಸಿಲಿಂಡರನ್ನು ಮಾಡಿದ್ದು ಒಲೆಗೆ. ಗುಂಡಿ ದಾರಿಯಲ್ಲಿ ಕುಲುಕಿಸಿಕೊಂಡು ಇಂಜಿನಿಗೆ ದ್ರವ ಕೊಡಲಿಕ್ಕಲ್ಲ. ಸೋರಿದ ಗ್ಯಾಸು ಗಾಳಿಗಿಂತ ಭಾರ. ಮೇಲೆ ಹಾರಿಹೋಗುವುದಿಲ್ಲ, ನಾವು ಕಾಲಿಟ್ಟಲ್ಲೇ ಕೂತಿರುತ್ತದೆ. "ಹಿಂದಿನ ಸೀಟಿನಲ್ಲಿ ಕೂರುವುದು ನಿಮ್ಮದೇ ಮಕ್ಕಳಲ್ಲವಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ.

ಸರಿಯಾದ ಕಿಟ್ಟನ್ನೇ ಹಾಕಿಸಿದೆವು. ಆರ್.ಸಿ. ಪುಸ್ತಕದಲ್ಲಿ ಬರೆಸಿಯೂ ಆಯಿತು. ಟ್ಯಾಂಕಿನಿಂದ ಬರುವ ದ್ರವ ವೇಪರೈಸರಿನಲ್ಲಿ ಗ್ಯಾಸಾಗುತ್ತದೆ. ಹಾಗೆ ಆಗುವಾಗ ಅದು ಶಾಖವನ್ನು ಎಳೆದುಕೊಳ್ಳುವುದರಿಂದ, ಹಿಮಗಟ್ಟದಂತೆ ರೇಡಿಯೇಟರಿನ ಬಿಸಿನೀರನ್ನು ಅದರ ಸುತ್ತ ಹರಿಸಬೇಕು. ಆದ್ದರಿಂದ ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಗುಂಡಿ ಒತ್ತಿ ಗ್ಯಾಸಿಗೆ ಬದಲಾಯಿಸುವುದು. ಈ "ಮೊದಲು ಪೆಟ್ರೋಲು" ಎಂಬ ಮಾತನ್ನು ನಾನು ಆಗ ಅಷ್ಟು ಗಮನಿಸಲಿಲ್ಲ.

ಗುಣವಿತ್ತು, ಸುಳ್ಳು ಹೇಳಬಾರದು. ಇಂಜಿನ್ ಮೆತ್ತಗೆ ಓಡುತ್ತಿತ್ತು. ಆಯಿಲು ಬೇಗ ಕಪ್ಪಾಗುತ್ತಿರಲಿಲ್ಲ. ಹಸಿ ಪೆಟ್ರೋಲು ಸಿಲಿಂಡರಿನ ಗೋಡೆ ತೊಳೆದು ಆಯಿಲಿಗೆ ಇಳಿಯುವುದು ಗ್ಯಾಸಿನಲ್ಲಿಲ್ಲ. ಆದರೆ ಏರು ಬಂದಾಗ ಗೊತ್ತಾಗುತ್ತಿತ್ತು. ಗೋಣಿ ಹೇರಿಕೊಂಡು ಸೆಕೆಂಡಿನಲ್ಲಿ ಹತ್ತುತ್ತಿದ್ದ ಕಡೆ ಫಸ್ಟಿಗೆ ಹಾಕಬೇಕಾಯಿತು. ಗ್ಯಾಸು ಇಂಜಿನಿನೊಳಗೆ ಗಾಳಿಯ ಜಾಗವನ್ನೂ ಹಿಡಿಯುತ್ತದೆ. ಗ್ಯಾಸಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು ಎನ್ನುವುದು ನಿಜ, ಆದರೆ ಅದರ ಪ್ರಯೋಜನ ಸಿಗುವುದು ಕಂಪ್ರೆಷನ್ ಜಾಸ್ತಿ ಇರುವ ಇಂಜಿನಿನಲ್ಲಿ. ನಮ್ಮ ಹಳೆಯದರಲ್ಲಿ ಅದು ಏಳಕ್ಕೆ ಒಂದರ ಆಸುಪಾಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಆಗ ಏರಿನಲ್ಲಿ ಜನ ಇಳಿದು ನೂಕಬೇಕಿತ್ತೆಂದು ಅಜ್ಜ ಹೇಳಿ ನಗುತ್ತಿದ್ದರು. ನಾನು ನೂಕುವಲ್ಲಿಯವರೆಗೆ ಹೋಗಲಿಲ್ಲ, ಅಷ್ಟೆ.

ಇನ್ನೊಂದು ವಾಲ್ವಿನ ವಿಚಾರ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ವಾಲ್ವ್ ಸೀಟಿಗೆ ತೆಳುವಾದ ಲೇಪದಂತೆ ರಕ್ಷಣೆ ಕೊಡುತ್ತಿತ್ತು. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು. ಗ್ಯಾಸಾದರೋ ಇನ್ನಷ್ಟು ಒಣ. ಗಟ್ಟಿ ಸೀಟು ಹಾಕಿರದ ಹಳೆಯ ಇಂಜಿನಿನಲ್ಲಿ ವಾಲ್ವು ನಿಧಾನವಾಗಿ ಒಳಗೆ ಕೂರುತ್ತಾ ಟ್ಯಾಪೆಟ್ ಗ್ಯಾಪು ಕಡಿಮೆಯಾಗುತ್ತದೆ. ಮೇಸ್ತ್ರಿಯವರು ಅದನ್ನು ಆಗಾಗ ನೋಡುತ್ತಿದ್ದರು.

ಲೆಕ್ಕ ಹಾಕಿದ್ದು ಮತ್ತೆ. ನೂರು ಕಿಲೋಮೀಟರಿಗೆ ಹನ್ನೊಂದು ಲೀಟರ್ ಪೆಟ್ರೋಲು ಹೋಗುವಲ್ಲಿ ಗ್ಯಾಸು ಹದಿನಾಲ್ಕು ಲೀಟರ್. ಎಂದರೆ ಪೆಟ್ರೋಲಿಗೆ ನೂರು ರೂಪಾಯಿ ಇದ್ದಾಗ ಗ್ಯಾಸು 78ಕ್ಕಿಂತ ಕೆಳಗಿದ್ದರೆ ಮಾತ್ರ ಉಳಿತಾಯ. ರೇಟು ಅದಕ್ಕಿಂತ ಕೆಳಗೇ ಇತ್ತು. ಆದರೆ ನಾನು ಗ್ಯಾಸು ತುಂಬಿಸುತ್ತಿದ್ದದ್ದು ಮಂಗಳೂರಿನಲ್ಲಿ. ಅರುವತ್ತು ಲೀಟರಿನ ಟ್ಯಾಂಕಿಗೆ ಹಿಡಿಯುವುದು 48. ಹೋಗಿ ಬರಲು ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ, ಅದಕ್ಕೇ ಹದಿನಾಲ್ಕು ಲೀಟರ್! ದಿನಾ ನೂರು ಕಿಲೋಮೀಟರ್ ಓಡುವ ಪೇಟೆಯ ಆಟೋದವನಿಗೆ ಕಿಟ್ಟಿನ ಹಣ ಬೇಗ ಹುಟ್ಟುತ್ತದೆ. ವಾರಕ್ಕೆ ಐವತ್ತು ಓಡುವ ನನಗೆ ಯಾವಾಗ?

ಇದೆಲ್ಲ ಹಣದ ಮಾತು. ನಿಜವಾದ ಪಾಠ ಆಟಿಯ ಒಂದು ರಾತ್ರಿ ಆಯಿತು. ಕೆಳಗಿನ ಮನೆಯ ಭಾವ ಟಾರ್ಚು ಹಿಡಿದು ಓಡಿಬಂದರು. ಅವರ ಅಪ್ಪನಿಗೆ ಎದೆನೋವು. ನಾನು ಕೀ ತಿರುಗಿಸಿದೆ. ಗ್ಯಾಸು ತಳ ಮುಟ್ಟಿತ್ತು. ನಾಳೆ ಮಂಗಳೂರಿಗೆ ಹೋಗುವಾಗ ತುಂಬಿಸುವ ಅಂತಿದ್ದೆ. ಪೆಟ್ರೋಲು ಇತ್ತು, ಆದರೆ ತಿಂಗಳುಗಟ್ಟಲೆ ಹಳೆಯದು. ಮಳೆಗಾಲವಾದರೂ ಇಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ನೇರ ಗ್ಯಾಸಿನಲ್ಲೇ ಸ್ಟಾರ್ಟ್ ಮಾಡುವ ಅಭ್ಯಾಸ ಮಾಡಿಕೊಂಡಿದ್ದೆ, ನಾಲ್ಕು ಹನಿ ಉಳಿಸುವ ಆಸೆಗೆ. ಕಾರ್ಬರೇಟರಿನೊಳಗೆ ಪೆಟ್ರೋಲು ಒಣಗಿ ಅಂಟಾಗಿತ್ತು. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ತೇವವನ್ನೂ ಎಳೆದುಕೊಳ್ಳುತ್ತದೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮುಗಿಯಿತು. ಅಪ್ಪನ ಕಾಲದಿಂದ ಒಂದು ರಾತ್ರಿಯೂ ಇಲ್ಲವೆನ್ನದ ಜೀಪು ಆ ರಾತ್ರಿ ಇಲ್ಲವೆಂದಿತು.

ಮಾವನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಜಾರುವ ದಾರಿಯಲ್ಲಿ ಇಳಿದೆವು. ನಾನು ಕೊಡೆ ಹಿಡಿದಿದ್ದೆ. ಕೆಳಗಿನ ರಸ್ತೆಗೆ ಆಟೋ ಬರುವಾಗ ಒಂದು ಗಂಟೆ ಕಳೆದಿತ್ತು. ಮಾವ ಉಳಿದರು, ದೇವರು ದೊಡ್ಡವನು. ಭಾವ ಆ ಬಗ್ಗೆ ಇಂದಿನವರೆಗೆ ಒಂದು ಮಾತು ಆಡಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಅದೇ.

ಗ್ಯಾಸಿನ ತಪ್ಪು ಎಂದು ನಾನು ಹೇಳುವುದಿಲ್ಲ. ಎರಡು ಒಲೆ ಇಟ್ಟುಕೊಂಡವನು ಎರಡನ್ನೂ ಉರಿಸುತ್ತಿರಬೇಕು. ನಾನು ಒಂದನ್ನು ಮರೆತೆ. ಗ್ಯಾಸು ಹಾಕಿಸುವವರಿಗೆ ನನ್ನ ಮಾತು ಇಷ್ಟೇ: ಬಂಕು ಎಷ್ಟು ದೂರ, ವಾರಕ್ಕೆ ಎಷ್ಟು ಓಡಿಸುತ್ತೀರಿ, ಈ ಎರಡು ಲೆಕ್ಕ ಮೊದಲು ನೋಡಿ. ವಾರಕ್ಕೊಮ್ಮೆಯಾದರೂ ಪೆಟ್ರೋಲಿನಲ್ಲಿ ಓಡಿಸಿ.

ಟ್ಯಾಂಕಿನ ಪರೀಕ್ಷೆಯ ಅವಧಿ ಬಂದಾಗ ನಾನು ಕಿಟ್ಟು ತೆಗೆಸಿ, ಆರ್.ಸಿ.ಯಲ್ಲೂ ಸರಿಮಾಡಿಸಿದೆ. ಈಗ ಪುನಃ ಬರೀ ಪೆಟ್ರೋಲು. ಖರ್ಚು ಉಂಟು. ಕೆಲಸವಿರಲಿ ಇಲ್ಲದಿರಲಿ, ಆದಿತ್ಯವಾರ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ ಏರು ಹತ್ತಿಸಿ ಇಳಿಸುತ್ತೇನೆ. ಕೆಳಗಿನ ಮನೆಯ ಅಂಗಳದಲ್ಲಿ ಮಾವ ಕೋಲು ಊರಿಕೊಂಡು ನಿಂತಿರುತ್ತಾರೆ. ಜೀಪಿನ ಶಬ್ದ ಕೇಳಿದ ಮೇಲೆಯೇ ಅವರು ಕಾಫಿಗೆ ಒಳಗೆ ಹೋಗುವುದಂತೆ.