ಹಾಡುವ ಪೆಟ್ಟಿಗೆಗಳು – ಭಾಗ 4: ನೊನಿನೋ ಅಂದ್ರೆ ಅಜ್ಜ

ಹೋದ ಸಲ ಬರೆದದ್ದು ಕುಣಿಸೋ ಅಕಾರ್ಡಿಯನ್ ಬಗ್ಗೆ. ಇವತ್ತಿನದು ಹಾಗಲ್ಲ. ಸ್ವಲ್ಪ ಉದ್ದ ಇದೆ, ನಿಧಾನವಾಗಿ ಓದಿ.

ನಮ್ಮಲ್ಲಿ ಅಕಾರ್ಡಿಯನ್ ಅಂದ್ರೆ ‘ಸಂಗಮ್’ ಸಿನಿಮಾದಲ್ಲಿ ರಾಜ್ ಕಪೂರ್ ಎದೆಗೆ ತಗುಲಿಸಿಕೊಂಡ ಪೆಟ್ಟಿಗೆ, ಅಷ್ಟೇ. ಆದ್ರೆ ಒಳಗಿನ ಕೆಲಸ ನಮ್ಮ ಹಾರ್ಮೋನಿಯಂದೇ. ತಿದಿ ಗಾಳಿ ತಳ್ಳುತ್ತೆ, ಲೋಹದ ಪುಟ್ಟ ರೀಡ್ ನಡುಗುತ್ತೆ, ಸ್ವರ ಬರುತ್ತೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯಾನ್ ಪೇಟೆಂಟ್ ತಗೊಂಡ. ಆಮೇಲೆ ಅದು ವಲಸೆ ಹೋದವರ ಜೊತೆ ಹಡಗು ಹತ್ತಿತು. ಪಿಯಾನೋ ಹೊತ್ಕೊಂಡು ಹೋಗೋಕಾಗುತ್ತಾ? ಬ್ರೆಜಿಲ್‌ನಲ್ಲಿ ಲೂಯಿಸ್ ಗೊಂಜಾಗ ಅದರಲ್ಲೇ ಬರಗಾಲದ ಸೀಮೆಯ ಹಾಡು ಹಾಡಿದ, ಲೂಸಿಯಾನಾದಲ್ಲಿ ಕ್ಲಿಫ್ಟನ್ ಶೆನಿಯರ್ ಜೈಡಿಕೋ ಬಾರಿಸಿದ.

ನನ್ನನ್ನ ಹಿಡಿದು ಕೂರಿಸಿದ್ದು ಮಾತ್ರ ಅರ್ಜೆಂಟೀನಾದ ಬ್ಯಾಂಡೋನಿಯನ್. ಅಕಾರ್ಡಿಯನ್ನಿನ ದಾಯಾದಿ, ಹುಟ್ಟಿದ್ದು ಜರ್ಮನಿಯಲ್ಲಿ, ಹೆಸರು ಮಾಡಿದ್ದು ಬ್ಯೂನಸ್ ಐರಿಸ್‌ನ ಟ್ಯಾಂಗೋದಲ್ಲಿ. ಒಂದೇ ಗುಂಡಿ ಒತ್ತಿ ಹಿಡಿದ್ರೂ ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ಬಲಗೈಗೆ ಎರಡು ಲೆಕ್ಕ, ಎಡಗೈಗೆ ಎರಡು ಲೆಕ್ಕ. (ನನಗೆ ಡೆಬಿಟ್–ಕ್ರೆಡಿಟ್ ತಲೆಗೆ ಹೋಗೋಕೇ ಒಂದು ಸೆಮಿಸ್ಟರ್ ಬೇಕಾಯ್ತು.)

ಆಸ್ತೋರ್ ಪಿಯಾತ್ಸೋಲಾಗೆ ಎಂಟು ವರ್ಷ ಇದ್ದಾಗ ಅವನಪ್ಪ ನ್ಯೂಯಾರ್ಕ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಂಡೋನಿಯನ್ ಕೊಡಿಸಿದ. ಅಪ್ಪನ ಕೆಲಸ ಕ್ಷೌರ. ಮುಂದೆ ಮೊಮ್ಮಕ್ಕಳು ಆ ಅಪ್ಪನನ್ನ ನೊನಿನೋ ಅಂತ ಕರೆದ್ರು. ಇಟಾಲಿಯನ್‌ನಲ್ಲಿ ಅಜ್ಜ ಅನ್ನೋದರ ಮುದ್ದು ರೂಪ. 1954ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಪಿಯಾತ್ಸೋಲಾ ‘ನೊನಿನೋ’ ಅಂತ ಒಂದು ಚುರುಕಿನ ಟ್ಯಾಂಗೋ ಬರೆದಿದ್ದ. 1959ರಲ್ಲಿ ಊರೂರು ಸುತ್ತಿ ಕಾರ್ಯಕ್ರಮ ಕೊಡ್ತಿದ್ದಾಗ ಅಪ್ಪ ಅರ್ಜೆಂಟೀನಾದಲ್ಲಿ ತೀರಿಕೊಂಡ ಸುದ್ದಿ ಬಂತು. ನ್ಯೂಯಾರ್ಕ್ ಮನೆಗೆ ವಾಪಸ್ ಬಂದು ‘ಆದಿಯೋಸ್ ನೊನಿನೋ’ ಬರೆದ. ಹಳೇ ಟ್ಯಾಂಗೋದ ತಾಳದ ಭಾಗ ಹಾಗೇ ಉಳಿಸಿಕೊಂಡು, ಅದರ ಪಕ್ಕದಲ್ಲೇ ಹೊಸದಾಗಿ ಆ ನಿಧಾನದ ರಾಗ ಸೇರಿಸಿದ. ಅಪ್ಪ ಬದುಕಿದ್ದಾಗಿನದು, ಹೋದ ಮೇಲಿನದು, ಎರಡೂ ಒಂದೇ ಹಾಡಲ್ಲಿ.

ನನ್ನ ಅಜ್ಜ ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸ್ತಿದ್ದ. ಮೂರನೇ ಸೆಮ್ ಪರೀಕ್ಷೆ ನಡೀತಿದ್ದಾಗ ಹೋಗಿಬಿಟ್ಟ. ಮುಗಿಯೋ ತನಕ ಹೇಳೋದು ಬೇಡ ಅಂತ ಮನೆಯಲ್ಲಿ ತೀರ್ಮಾನ ಮಾಡಿದ್ರಂತೆ. ನಾನು ಊರು ಮುಟ್ಟಿದ್ದು ಐದನೇ ದಿನ. ಅಮ್ಮನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ. ಆ ಪೇಪರ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂದಿದೆ ಅನ್ನೋದು ಇನ್ನೂ ಕಷ್ಟ.

ಹೋದ ವಾರ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ಮೇಲೆ ಅವನದೇ ಟವಲ್ ಹೊದಿಸಿತ್ತು. ತಿದಿ ಹಾಕಿದ್ರೆ, ಯಾವ ಮನೆಯನ್ನೂ ಒತ್ತದೇ ಒಂದು ಸ್ವರ ತಾನೇ ಬರ್ತಾ ಇದೆ. ರೀಡಿನ ಕವಾಟ ಸರಿಯಾಗಿ ಮುಚ್ತಿಲ್ಲ ಅನ್ಸುತ್ತೆ. ರಿಪೇರಿಗೆ ಕೊಡು ಅಂತಾರೆ ಅಪ್ಪ. ಇನ್ನೂ ಕೊಟ್ಟಿಲ್ಲ.

ಮೊದಲನೇ ಫೋಟೋದಲ್ಲಿರೋದು ಅದೇ.