ಪಡಸಾಲೆಯ ಸಮುದ್ರ

ನಾನು ಸಮುದ್ರ ನೋಡಿದ್ದು ಮದುವೆಯಾಗಿ ಹದಿನೆಂಟು ವರ್ಷದ ಮೇಲೆ, ಕಾರವಾರದಲ್ಲಿ, ಅದೂ ಅರ್ಧ ಗಂಟೆ. ಸೀರೆಯ ನೆರಿಗೆ ತೊಯ್ದೀತೆಂದು ಎತ್ತಿ ಹಿಡಿದು ನಿಂತದ್ದಷ್ಟೇ ನೆನಪು. ಚಿಕ್ಕೋಡಿ ತಾಲೂಕಿನ ನಮ್ಮ ಕಬ್ಬೂರಿಗೂ ಸಮುದ್ರಕ್ಕೂ ಏನು ಸಂಬಂಧ ಹೇಳಿ! ಇಲ್ಲಿ ನೀರೆಂದರೆ ಬೋರಿನ ನೀರು, ಇಲ್ಲವೆ ಕಬ್ಬಿಗೆ ಬಿಡುವ ನೀರು. ಅಂಥ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, 150 ಲೀಟರ್ ಸಮುದ್ರ ಇದೆಯೆಂದರೆ ನೀವು ನಗಬಹುದು. ನಗಿರಿ. ನಮ್ಮ ಓಣಿಯವರು ಮೊದಲೇ ನಕ್ಕು ಮುಗಿಸಿದ್ದಾರೆ.

2023ರ ದಸರೆಯ ಹೊತ್ತಿಗೆ ನನ್ನ ಮಗ ಪುಣೆಯಿಂದ ಎರಡು ಬ್ಯಾಗು ಹಿಡಿದುಕೊಂಡು ಮನೆಗೆ ಬಂದ. ನೌಕರಿ ಹೋಗಿತ್ತು. ಅವನೊಬ್ಬನದೇ ಅಲ್ಲ, ಅವನ ಜೊತೆಗೆ ಕೂತು ಕೆಲಸ ಮಾಡುತ್ತಿದ್ದವರೆಲ್ಲರದೂ ಹೋಗಿತ್ತಂತೆ. ಆದರೆ ಮಂದಿ ಕೇಳುವುದು ನಮ್ಮ ಮಗನನ್ನಷ್ಟೇ ಅಲ್ಲವೆ? 'ಎಷ್ಟು ದಿನ ಸೂಟಿ?' ಎಂದು ಕೇಳುವವರ ಬಾಯಿ ತಪ್ಪಿಸಲು ಅವನು ಅಟ್ಟ ಹತ್ತಿ ಕೂತ. ಊಟಕ್ಕೆ ಕರೆದರೆ ಇಳಿದು ಬರುವುದು, ಉಂಡ ತಾಟು ತೊಳೆದಿಟ್ಟು ಹತ್ತಿ ಹೋಗುವುದು. ನಮ್ಮ ಯಜಮಾನರಂತೂ ಅವನ ಎದುರಿಗೆ ಮಾತೇ ಆಡದೆ, ನನ್ನೆದುರಿಗೆ ಅವನಿಗೆ ಕೇಳುವಂತೆ ಆಡುತ್ತಿದ್ದರು.

ಹೀಗೆ ಒಂದು ತಿಂಗಳು ಕಳೆದ ಮೇಲೆ ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಪಡಸಾಲ್ಯಾಗ ನನಗ ಮೂರು ಫೂಟು ಜಾಗಾ ಕೊಡ್ತಿ?" ಅಂದ. ಬಂದಾಗಿನಿಂದ ಅವನು ಕೇಳಿದ ಮೊದಲ ವಸ್ತು ಅದು. ಯಾಕೆಂದು ಕೇಳದೆ ನನ್ನ ಹೊಲಿಗೆ ಯಂತ್ರವನ್ನು ದೇವರ ಕೋಣೆಯ ಪಕ್ಕಕ್ಕೆ ಸರಿಸಿದೆ.

ಮೂರು ಫೂಟು ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಗಾಜಿನ ತೊಟ್ಟಿ ಬಂತು. ಅದಕ್ಕೆ ಕಬ್ಬಿಣದ ಸ್ಟ್ಯಾಂಡು. "ನೌಕರಿ ಇಲ್ಲ, ಮೀನ ಬ್ಯಾರೆ!" ಎಂದು ಯಜಮಾನರು ಗೋಡೆಗೆ ಹೇಳಿದರು. ನಾವು ಮೀನು ತಿನ್ನುವವರಲ್ಲ. ಅತ್ತೆಯವರಿಗೆ ಮೊದಲು ಅದೇ ಚಿಂತೆ.

"ಇದರಾಗ ಹವಳಾ ಬೆಳಿತಾವೇನೋ ತಮ್ಮಾ?" ಎಂದು ಅವರು ತಮ್ಮ ಕೊರಳ ಸರ ಮುಟ್ಟಿಕೊಂಡು ಕೇಳಿದರು. ಆಗ ಮಗ ಹೇಳಿದ್ದು ನನಗೂ ಹೊಸದು. ಕೊರಳಲ್ಲಿ ಹಾಕುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಕಡೆಯದು. ದ್ವೀಪದ ಸುತ್ತ ದಿಬ್ಬ ಕಟ್ಟುವ ಹವಳಗಳು ಬೇರೆ. ಎರಡೂ ಸಣ್ಣ ಜೀವಿಗಳೇ. ಲಕ್ಷಗಟ್ಟಲೆ ಕೂಡಿ ಸುಣ್ಣದ ಮನೆ ಕಟ್ಟಿಕೊಂಡು ಇರುತ್ತವೆ. "ಹುಳದ ಮನೀನ ನಾ ಕೊಳ್ಳಾಗ ಹಾಕ್ಕೊಂಡೇನೇನ?" ಎಂದು ಅತ್ತೆಯವರು ಆ ದಿನವೆಲ್ಲ ಸರ ತೆಗೆದಿಟ್ಟು, ಮರುದಿನ ಮತ್ತೆ ಹಾಕಿಕೊಂಡರು.

ನಮ್ಮ ತೊಟ್ಟಿಯಲ್ಲಿ ಜೀವಂತ ಹವಳ ಇಲ್ಲ. ಫೋನಿನಲ್ಲಿ ಒಬ್ಬ ವ್ಯಾಪಾರಿ ಹವಳ, ಕಡಲಕುದುರೆ ಎಲ್ಲ ಕಳಿಸುತ್ತೇನೆಂದ. ಮಗ ಕಾನೂನು ತೆಗೆದು ನೋಡಿದ. ದಿಬ್ಬ ಕಟ್ಟುವ ಹವಳಗಳನ್ನೂ ಕಡಲಕುದುರೆಯನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಹುಲಿ ಇರುವ ಪಟ್ಟಿ. "ಹುಲಿ ಮರಿ ತಂದು ಪಡಸಾಲ್ಯಾಗ ಕಟ್ಟಿದ್ಹಂಗ ಆತು, ಬ್ಯಾಡವಾ" ಎಂದು ಫೋನು ಇಟ್ಟ. ಅವನ ಮೇಲೆ ನನಗಿದ್ದ ಒಂದು ಅಂಜಿಕೆ ಆ ದಿನ ಹೋಯಿತು. ಕೈ ಖಾಲಿಯಿದ್ದಾಗಲೂ ಅಡ್ಡದಾರಿ ಹಿಡಿಯುವವನಲ್ಲ ಎಂದು ತಾಯಿಗೆ ಗೊತ್ತಾಗುವುದು ಸಣ್ಣ ಮಾತಲ್ಲ.

ಬಂಡೆಗಳನ್ನು ನಮ್ಮ ಓಣಿಯ ಗೌಂಡಿಯೇ ಮಾಡಿಕೊಟ್ಟ. ಸಿಮೆಂಟು, ಚಿಪ್ಪಿನ ಚೂರು, ಹರಳುಪ್ಪು ಕಲಸಿ ಉಂಡೆ ಉಂಡೆಯಾಗಿ ಕಟ್ಟಿ ಒಣಗಿಸಿದ. ನೀರಿನಲ್ಲಿ ಹಾಕಿದಾಗ ಉಪ್ಪು ಕರಗಿ ತೂತು ಬೀಳುತ್ತವೆ. ಸಿಮೆಂಟಿನ ಸುಣ್ಣದ ಖಾರ ಇಳಿಯಲೆಂದು ಹಿತ್ತಲ ಹೌದಿನಲ್ಲಿ ಎರಡು ತಿಂಗಳು ನೆನೆಸಿ, ಮೇಲಿಂದ ಮೇಲೆ ನೀರು ಬದಲಿಸಿದೆವು. "ನಾ ಮನೀ ಕಟ್ಟೀನಿ, ಗುಡಿ ಕಟ್ಟೀನಿ, ಮೀನಿಗೆ ಮನೀ ಕಟ್ಟಿದ್ದು ಇದs ಮೊದಲ" ಎಂದು ಗೌಂಡಿ ಕೂಲಿಯಲ್ಲಿ ಐವತ್ತು ರೂಪಾಯಿ ಬಿಟ್ಟ.

ನೀರಿನದು ದೊಡ್ಡ ಕತೆ. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಹೊಲಕ್ಕೆ ಹಾಕಿದ ಗೊಬ್ಬರವೂ ಇಳಿದಿರುತ್ತದೆ. ಅದನ್ನು ಹಾಕಿದರೆ ತೊಟ್ಟಿಯ ತುಂಬ ಪಾಚಿ. ಹಾಗಾಗಿ ಆರ್.ಓ. ಯಂತ್ರದಿಂದ ಸೋಸಿ, ಮತ್ತೊಂದು ನಳಿಗೆಯಲ್ಲಿ ಹಾಯಿಸಿ, ಏನೂ ಇಲ್ಲದ ಬರಿಯ ನೀರು ಮಾಡಬೇಕು. ಆಮೇಲೆ ಲೀಟರಿಗೆ 35 ಗ್ರಾಮಿನಂತೆ ಸಮುದ್ರದ ಉಪ್ಪು. ನಮ್ಮ ತೊಟ್ಟಿಗೆ 5 ಕಿಲೋಕ್ಕಿಂತ ತುಸು ಹೆಚ್ಚು. ಅಡಿಗೆಯ ಉಪ್ಪು ನಡೆಯುವುದಿಲ್ಲ. ಮ್ಯಾಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಸಮುದ್ರದಲ್ಲಿರುವ ಅಳತೆಯಲ್ಲೇ ಇರುವ ಉಪ್ಪಾಗಬೇಕು. ಅತ್ತೆಯವರು ಒಳ್ಳೆಯದಾಗಲೆಂದು ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಬಂದರೆ ಮಗ ಓಡಿ ಬಂದು ತಡೆದ. ತಾಮ್ರ ಬಸವನಹುಳ, ಸಿಗಡಿಗಳಿಗೆ ವಿಷವಂತೆ.

ನೀರು ತುಂಬಿದ ಮೇಲೂ ಮೀನಿಲ್ಲ! ಐದು ವಾರ ಬರಿಯ ನೀರು, ಬರಿಯ ಕಲ್ಲು. ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಮೊದಲು ಬಂಡೆಯ ತೂತುಗಳಲ್ಲಿ ಬೆಳೆಯಬೇಕು. ಅವಕ್ಕೆ ಊಟವೆಂದು ದಿನವೂ ಚಿಟಿಕೆ ಪುಡಿ ಹಾಕುತ್ತಿದ್ದ. ಏನದು ಎಂದರೆ ನವಸಾಗರ! ಕಲಾಯಿಯವನು ಪಾತ್ರೆಗೆ ತಿಕ್ಕುವ ಅದೇ ನವಸಾಗರ, ಇದು ಪ್ರಯೋಗಶಾಲೆಯ ಶುದ್ಧ ಪುಡಿ. ಹೆಸರಿನಲ್ಲೇ ಹೊಸ ಸಾಗರ ಇದೆಯಲ್ಲ ಎಂದು ನನಗೆ ಒಳಗೊಳಗೇ ನಗೆ. ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗಬೇಕು. ಮೊದಲಿನವೆರಡೂ ಸೊನ್ನೆಗೆ ಇಳಿದ ದಿನ ಮಗ ಅಟ್ಟದಿಂದಲೇ ಕೂಗಿದ, "ಅವ್ವಾ, ಸೊನ್ನೀ ಬಂತು!" ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಸಂತೋಷಪಟ್ಟ ತಾಯಿ ನಾನೊಬ್ಬಳೇ ಇರಬೇಕು.

2024ರ ಮಾರ್ಚ್ ಕೊನೆಗೆ ಎರಡು ಕ್ಲೌನ್ ಮೀನು ಬಂದವು. ಕಿತ್ತಳೆ ಮೈ, ಬಿಳಿ ಪಟ್ಟಿ. ಸಮುದ್ರದಿಂದ ಹಿಡಿದವಲ್ಲ, ತೊಟ್ಟಿಯಲ್ಲೇ ಹುಟ್ಟಿದವು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಈ ಮೀನುಗಳ ಮರಿ ಮಾಡುವ ವಿದ್ಯೆಯನ್ನು ನಮ್ಮ ದೇಶದಲ್ಲೇ ರೂಢಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಂತೂ ಹೆಣ್ಣುಮಕ್ಕಳೇ ಅಲಂಕಾರದ ಸಿಗಡಿ ಸಾಕಲು ಕಲಿತಿದ್ದಾರಂತೆ. ಈ ಮೀನಿನ ಸಂಸಾರದ ಕತೆ ಕೇಳಿ: ಹುಟ್ಟುವಾಗ ಎಲ್ಲವೂ ಗಂಡು. ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಯಜಮಾನಿಕೆ ಅವಳದು. ಅವಳು ಸತ್ತರೆ ಗಂಡನೇ ಹೆಣ್ಣಾಗಿ ಮನೆ ನಡೆಸುತ್ತಾನೆ. "ನಿಮ್ಮ ಮಾವ ಒಂದ ಜನ್ಮಾ ಹಿಂಗ ಹುಟ್ಟಬೇಕಿತ್ತು" ಎಂದರು ಅತ್ತೆ.

ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು 30 ಡಿಗ್ರಿ ದಾಟಿತು. ಬೇಕಾದ್ದು 26ರ ಆಸುಪಾಸು. ಮೇಲೆ ಎರಡು ಸಣ್ಣ ಫ್ಯಾನು ಇಟ್ಟರೆ ನೀರು ತಂಪಾಯಿತು, ಆದರೆ ದಿನಕ್ಕೆ ಎರಡು ಮೂರು ಲೀಟರ್ ಆರಿ ಹೋಗತೊಡಗಿತು. ಕಡಿಮೆಯಾದ ನೀರಿಗೆ ನಾನು ಉಪ್ಪು ಬೆರೆಸಿದ ನೀರನ್ನೇ ಸುರಿಯಲು ಹೋದೆ. ಮಗ ಕೈ ಹಿಡಿದ. "ಅವ್ವಾ, ಆರೂದು ನೀರಷ್ಟs. ಉಪ್ಪು ಎಲ್ಲೂ ಹೋಗೂದಿಲ್ಲ, ಅಲ್ಲೇ ಇರತದ. ಸಪ್ಪನ್ನ ನೀರ ಹಾಕಬೇಕು."

ಕೈಯಲ್ಲಿ ಚರಿಗೆ ಹಿಡಿದುಕೊಂಡೇ ನಾನು ನಿಂತುಬಿಟ್ಟೆ. ನನ್ನ ತವರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆ. ನಾಲ್ಕು ಎಕರೆ ಎರೆಹೊಲಕ್ಕೆ ಅಪ್ಪ ವರ್ಷಾನುಗಟ್ಟಲೆ ಕಬ್ಬು ಹಚ್ಚಿ ನೀರು ಬಿಟ್ಟ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಹೊಲದ ಒಂದು ಮೂಲೆಯಲ್ಲಿ ಬೆಳ್ಳಗೆ ಒಡೆಯಿತು. ಕಬ್ಬು ಹಳದಿಯಾಯಿತು. ನೀರು ಸಾಲದೆಂದು ಅಪ್ಪ ಇನ್ನೂ ನೀರು ಬಿಟ್ಟ. ಬಿಳಿ ಹರಡಿತು. ಸವಳು. ಕೃಷ್ಣಾ ದಂಡೆಯ ಹೆಣ್ಣುಮಕ್ಕಳಿಗೆ ಆ ಶಬ್ದ ಬಿಡಿಸಿ ಹೇಳಬೇಕಿಲ್ಲ. "ಯಾರ ಕಣ್ಣ ಬಿತ್ತೋ" ಎನ್ನುತ್ತಲೇ ಅಪ್ಪ ಹೋದ. ನಾವೂ ಹಾಗೇ ತಿಳಿದಿದ್ದೆವು.

ಅದನ್ನು ಮಗನಿಗೆ ಹೇಳಿದೆ. ಅವನು ಸ್ಟೂಲು ಎಳೆದುಕೊಂಡು ಕೂತ. ಕರಿಮಣ್ಣಿನಲ್ಲಿ ನೀರು ಕೆಳಗೆ ಬಸಿದು ಹೋಗುವುದಿಲ್ಲ, ಅಂತರ್ಜಲ ಮೇಲೆ ಏರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ ಎಂದು ತೊಟ್ಟಿಯ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಈಗ ನೆಲದೊಳಗೆ ತೂತಿನ ಪೈಪು ಹಾಕಿ ನೀರು ಬಸಿಯುವುದು ಅದಕ್ಕೇ ಎಂದ. ಒಂದು ತಾಸು ಮಾತಾಡಿದ. ಪುಣೆಯ ಮಾತೂ ಬಂತು, ಕಡೆಯ ದಿನ ಗುರುತಿನ ಚೀಟಿ ಕಸಿದುಕೊಂಡ ಮಾತೂ ಬಂತು. ಒಳಕೋಣೆಯಲ್ಲಿ ಯಜಮಾನರ ಪೇಪರಿನ ಸಪ್ಪಳ ನಿಂತಿತ್ತು.

ಕೃತ್ತಿಕಾ ಮಳೆಯ ಒಂದು ಸಂಜೆ ಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತು. ಹಳೆಯ ಇನ್ವರ್ಟರ್ ಹನ್ನೊಂದಕ್ಕೆ ಕೈ ಎತ್ತಿತು, ಬ್ಯಾಟರಿಯ ಗಾಳಿಯಂತ್ರ ಎರಡಕ್ಕೆ. ನೀರು ಅಲುಗಾಡದಿದ್ದರೆ ಮೀನಿಗೆ ಉಸಿರಿಲ್ಲ. ಮಗ ಪ್ಲಾಸ್ಟಿಕ್ ಚರಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿಯತೊಡಗಿದ. ಅವನ ಕೈ ಸೋತಾಗ ನಾನು. ಮೂರೂವರೆಗೆ ಟಾರ್ಚ್ ಹಿಡಿದು ಯಜಮಾನರು ಬಂದರು. "ಸರೀರಿ ಅತ್ತಾಗ" ಎಂದು ಚರಿಗೆ ಇಸಿದುಕೊಂಡರು. ಅಪ್ಪ ಮಗ ಬೆಳಗಿನ ತನಕ ಪಾಳಿ ಹಚ್ಚಿ ಸುರಿದರು. ಮಾತಿಲ್ಲ, ನೀರಿನ ಸಪ್ಪಳ ಅಷ್ಟೆ.

ದೊಡ್ಡದು ಉಳಿಯಲಿಲ್ಲ. ಬೆಳಿಗ್ಗೆ ಯಜಮಾನರೇ ಅದನ್ನು ಹಿತ್ತಲಲ್ಲಿ ಹುಗಿದು ಬಂದು, "ಅರಿಬಿ ತೊಯ್ದಾವು, ಒಗಿ" ಎಂದರು. ಅದೇ ತಿಂಗಳು ಪೇಪರಿನಲ್ಲಿ ಲಕ್ಷದ್ವೀಪದ ಹವಳಗಳು ಸಮುದ್ರದ ಕಾವಿಗೆ ಬೆಳ್ಳಗಾಗಿವೆ ಎಂಬ ಸುದ್ದಿ ಬಂತು. ಕಾವು ಹೆಚ್ಚಾದರೆ ಹವಳ ತನ್ನೊಳಗೆ ಇದ್ದು ಅನ್ನ ಹಾಕುವ ಪಾಚಿಯನ್ನೇ ಹೊರಗೆ ಹಾಕುತ್ತದಂತೆ. ಯಜಮಾನರು ಅದನ್ನು ಕತ್ತರಿಸಿ ತೊಟ್ಟಿಯ ಮೇಲಿಟ್ಟಿದ್ದರು. ಮಗನಿಗೆ ಕೊಡಲಿಲ್ಲ, ಇಟ್ಟಿದ್ದರು.

ಜೂನ್‌ನಲ್ಲಿ ಮಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿನಕ್ಕಿಂತ ಕಡಿಮೆ. ಉಳಿದ ಮೀನಿಗೆ ಜೊತೆಯೆಂದು ಶ್ರಾವಣದಲ್ಲಿ ಸಣ್ಣದೊಂದನ್ನು ತಂದು ಬಿಟ್ಟು ಹೋದ. ಹಳೆಯದು ಈಗ ದಪ್ಪಗಾಗಿ ಸಣ್ಣದನ್ನು ಓಡಾಡಿಸುತ್ತದೆ. ಅತ್ತೆಯವರು ಅದನ್ನು 'ಗೌಡಸಾನಿ' ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಗೌಂಡಿಯ ಬಂಡೆಯ ಮೇಲೆ ಕುಂಕುಮ ನೀರು ಚಿಮುಕಿಸಿದಂತೆ ಗುಲಾಬಿ ಚುಕ್ಕೆಗಳು ಮೂಡಿದವು. ಬಸವನಹುಳದ ಚಿಪ್ಪಿನ ಮೇಲೆ ಕೂತು ಬಂದ ಒಂದು ಜಾತಿಯ ಸುಣ್ಣದ ಪಾಚಿಯಂತೆ.

ಗಾಜಿನ ಮೇಲೆ ಮಗ ಪೆನ್ನಿನಿಂದ ಒಂದು ಗೆರೆ ಎಳೆದಿದ್ದಾನೆ. ರಾತ್ರಿ ಅವನ ಫೋನು ಬರುತ್ತದೆ. "ಅವ್ವಾ, ಗೆರೀಗಿಂತ ಎಷ್ಟ ಇಳದದ?" ನಾನು ಹೇಳುವ ಮೊದಲೇ ಯಜಮಾನರು ಕೂತಲ್ಲಿಂದಲೇ ಕೂಗುತ್ತಾರೆ, "ಎರಡ ಬೆರಳ ಇಳದಿತ್ತು, ನಾ ಹಾಕೀನಿ, ಸಪ್ಪನ್ನ ನೀರs ಹಾಕೀನಿ ಅಂತ ಹೇಳ ಅವಗ."