ಗೋಸುಂಬೆಯ ಮನೆ

ಗಳಿಗೆಗೊಂದು ಮಾತಾಡುವವನನ್ನು ಗೋಸುಂಬೆ ಎಂದು ಜರೆಯುವುದು ನಮ್ಮಲ್ಲಿ ವಾಡಿಕೆ. ಆ ಬಡಪ್ರಾಣಿಯ ಅಭಿಪ್ರಾಯವನ್ನು ಕೇಳಿದವರಿಲ್ಲ. ಅದು ಬಣ್ಣ ಬದಲಿಸುವುದು ಪರರನ್ನು ವಂಚಿಸುವುದಕ್ಕಿಂತ ಹೆಚ್ಚಾಗಿ ತನ್ನ ಸ್ಥಿತಿಯನ್ನು ತೋರುವುದಕ್ಕೆ. ಚಳಿಯಾದರೆ ಮೈ ಕಪ್ಪೇರಿಸಿ ಬಿಸಿಲನ್ನು ಹೀರುತ್ತದೆ. ಹೆದರಿದರೆ ಒಂದು ಬಣ್ಣ, ಸಿಟ್ಟಾದರೆ ಇನ್ನೊಂದು. ಮನಸ್ಸಿನಲ್ಲಿದ್ದುದನ್ನು ಮೈಮೇಲೆ ಬರೆದುಕೊಂಡು ತಿರುಗುವ ಪ್ರಾಮಾಣಿಕರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಾಣಿಯ ಯೋಗಕ್ಷೇಮವನ್ನು ನಾನು ವಿಚಾರಿಸುವಂತಾದುದು ನನ್ನ ತಮ್ಮನಿಂದ. ಕಳೆದ ಮಳೆಗಾಲದಲ್ಲಿ ನಮ್ಮ ಹೊಲದ ಬೇಲಿಯ ಮೇಲೆ ಗೋಸುಂಬೆಯೊಂದು ಕಾಣಿಸಿಕೊಂಡಿತು. ವಿಷಜಂತುವೆಂದು ನೆರೆಯವರು ಕೋಲು ತಂದರು. ತಮ್ಮನು ಅಡ್ಡ ನಿಂತು, "ಹೊಡೆಯಬೇಡಿ, ನಾನು ಸಾಕುತ್ತೇನೆ" ಎಂದನು. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಯೆಮನ್ ದೇಶದ ಜಾತಿಯ ಗೋಸುಂಬೆಯೊಂದನ್ನು ಸಾಕಿದ್ದಾನೆ. ಅಣ್ಣನಿಗಾದುದು ತನಗೇಕಾಗದೆಂಬುದು ಇವನ ವಾದ. ಅಣ್ಣನನ್ನೇ ಕೇಳಿದೆವು. ಬಂದ ಉತ್ತರ ಉದ್ದವಾಗಿತ್ತು.

ಗಾಳಿಯಾಡದ ಪೆಟ್ಟಿಗೆ ಸಲ್ಲದು. ಜಾಲರಿಯ ಗೂಡು ಬೇಕು. 2 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಎತ್ತರ. ಅದು ಕೊಂಬೆಯ ಪ್ರಾಣಿ. ಎತ್ತರದಲ್ಲಿದ್ದರೇ ಅದಕ್ಕೆ ನೆಮ್ಮದಿ. ಅಡಗಲು ಎಲೆ ತುಂಬಿದ ಗಿಡ, ಹಿಡಿದು ನಡೆಯಲು ಅಡ್ಡಕೊಂಬೆಗಳು ಇರಬೇಕು. ಮೇಲಿನ ಕೊಂಬೆಯ ಬಳಿ ದೀಪದಿಂದ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ, ಕೆಳಗೆ ತಂಪು. ಬೇಕಾದುದನ್ನು ಅದೇ ಆರಿಸಿಕೊಳ್ಳುತ್ತದೆ. ನೇರಳಾತೀತ ಕಿರಣದ ದೀಪ ಬೇರೆ. ಆ ಕಿರಣವಿಲ್ಲದಿದ್ದರೆ ಮೈಯಲ್ಲಿ ಡಿ ಜೀವಸತ್ವ ಸಾಕಷ್ಟು ಹುಟ್ಟದು, ತಿಂದ ಕ್ಯಾಲ್ಸಿಯಂ ಹಿಡಿಯದು. ಎಲುಬು ಮೆತ್ತಗಾಗಿ ಕಾಲು ಬಾಗುತ್ತದೆ. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಮುಟ್ಟದು, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಆದುದರಿಂದ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಕಣ್ಣು ಗುಳಿಬಿದ್ದರೆ ಮೈಯಲ್ಲಿ ನೀರಿಲ್ಲವೆಂದು ತಿಳಿಯತಕ್ಕದ್ದು. ಆಹಾರಕ್ಕೆ ಜೀವಂತ ಹುಳು. ಆ ಹುಳುಗಳಿಗೂ ಮೊದಲು ಸೊಪ್ಪು ಹಾಕಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಬಡಿಸಬೇಕು. ಯೆಮನ್ನಿನ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುವುದುಂಟು. ತೋಡಲು ಒದ್ದೆ ಮರಳಿಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಬಹುದು. ಒಂದು ಗೂಡಿನಲ್ಲಿ ಎರಡನ್ನು ಇಡಕೂಡದು. ಮುದ್ದಿಗೆಂದು ಮೇಲಿಂದ ಮೇಲೆ ಎತ್ತಿಕೊಳ್ಳಲೂ ಕೂಡದು. ಅದಕ್ಕೆ ಅದು ಮುದ್ದಲ್ಲ, ಭಯ.

ಕೊನೆಗೆ ಅಣ್ಣ ಬರೆದಿದ್ದನು: "ನನ್ನದು ಗೂಡಿನಲ್ಲಿಯೇ ಹುಟ್ಟಿದ್ದು. ನಿಮ್ಮ ಬೇಲಿಯದನ್ನು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ."

ತಮ್ಮನು ಕಾಗದ ಪೆನ್ಸಿಲು ಹಿಡಿದು ಖರ್ಚಿನ ಲೆಕ್ಕ ಹಾಕತೊಡಗಿದನು. ಎರಡು ದೀಪ, ಜಾಲರಿ, ಗಿಡ, ಹುಳು. ಅರ್ಧಕ್ಕೆ ನಿಲ್ಲಿಸಿ, "ಇದೆಲ್ಲವೂ ಬೇಲಿಯಲ್ಲಿ ಬಿಟ್ಟಿಯಾಗಿಯೇ ಇದೆಯಲ್ಲಾ!" ಎಂದನು. ನನಗೆ ತಿಳಿದ ಮಟ್ಟಿಗೆ, ಇಷ್ಟೆಲ್ಲ ಶಾಸ್ತ್ರದ ಸಾರ ಅದೇ. ಗೂಡು ಕಟ್ಟುವವನು ಎಷ್ಟು ಜಾಣನಾದರೂ ಮಾಡುವುದು ಸೂರ್ಯ, ಇಬ್ಬನಿ, ಕೊಂಬೆಗಳ ನಕಲನ್ನು.

ಆದರೆ ಅಸಲು ಮನೆಗೂ ಈಗ ಕಾವಲುಗಾರರು ಬೇಕಾಗಿದ್ದಾರೆ. ಹಸುರು ಬೇಲಿ ಹೋಗಿ ಮುಳ್ಳುತಂತಿ ಬರುತ್ತಿದೆ. ಹುಳುಗಳಿಗೆ ಹೊಡೆದ ಮದ್ದು ಹುಳು ತಿನ್ನುವವರನ್ನೂ ಉಪವಾಸ ಕೆಡವುತ್ತದೆ. ಗೋಸುಂಬೆಯ ನಡಿಗೆಯೋ ತೂಗಿ ತೂಗಿ ಇಡುವ ಹೆಜ್ಜೆ; ರಸ್ತೆ ದಾಟುವಷ್ಟರಲ್ಲಿ ಎಷ್ಟೋ ಚಕ್ರಗಳು ಹಾಯುತ್ತವೆ. ಮಿತ್ರರೆ, ಊರಿಗೆ ಹೋದಾಗ ಯಾರಾದರೂ ಕೋಲೆತ್ತಿದರೆ, "ಇದಕ್ಕೆ ವಿಷವಿಲ್ಲ" ಎಂಬ ಎರಡೇ ಮಾತನ್ನು ಹೇಳಿರಿ. ಅದನ್ನು ಸಾಕುವ ಸುಲಭವಾದ ಕ್ರಮ ನಮ್ಮ ಪಾಲಿಗೆ ಇದೊಂದೇ.